‘ಕೇಳಿ’ ಬಟನ್ ಇದೆ, ಆದರೂ ಅಂಧ ಸದಸ್ಯರಿಗೆ ಅರ್ಜಿ ತುಂಬಲಾಗುತ್ತಿಲ್ಲ

ಪ್ರಶ್ನೆ: ಚಿಕ್ಕೋಡಿ ತಾಲ್ಲೂಕಿನ ನಮ್ಮ ಪತ್ತಿನ ಸಹಕಾರಿ ಸಂಘದ ಜಾಲತಾಣವನ್ನು ನಾನೇ ನೋಡಿಕೊಳ್ಳುತ್ತೇನೆ. ಪುಟಗಳು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಇವೆ. ಕಳೆದ ವರ್ಷ ಪ್ರತಿ ಪುಟಕ್ಕೂ ‘ಕೇಳಿ’ ಎಂಬ ಬಟನ್ ಹಾಕಿಸಿದೆವು. ಒತ್ತಿದರೆ ಪುಟವನ್ನು ಓದಿ ಹೇಳುತ್ತದೆ, ವರ್ಷಕ್ಕೆ 18,000 ರೂಪಾಯಿ. ಹಾಕಿಕೊಟ್ಟವರು ‘ಇನ್ನು ನಿಮ್ಮ ಸೈಟ್ ಅಂಗವಿಕಲರಿಗೆ ಪೂರ್ತಿ ಅನುಕೂಲ, ಕಾನೂನಿನ ತಕರಾರೂ ಇಲ್ಲ’ ಎಂದಿದ್ದರು. ಈಗ ಕಣ್ಣು ಕಾಣದ ಸದಸ್ಯರೊಬ್ಬರು ‘ಠೇವಣಿ ಅರ್ಜಿ ತುಂಬಲು ಬರುತ್ತಿಲ್ಲ, ಬಟನ್ ಒತ್ತಿದರೆ ಎರಡು ದನಿ ಕೂಡಿ ಮಾತಾಡುತ್ತವೆ, ವಾರ್ಷಿಕ ಸಭೆಯ ನೋಟಿಸ್ ತೆರೆದರೆ ಬರೀ ಇಂಗ್ಲಿಷ್ ಅಕ್ಷರ ಕೇಳುತ್ತದೆ’ ಎಂದು ಬರೆದಿದ್ದಾರೆ. ಇನ್ನೂ ಒಳ್ಳೆಯ ದನಿಯ ಸಾಧನಕ್ಕೆ ಬದಲಾಯಿಸಬೇಕೇ? ಹೊಸ ಸೈಟ್ ಕಟ್ಟಿಸುವಷ್ಟು ಹಣ ಸಂಘದಲ್ಲಿಲ್ಲ. ಅರ್ಜಿ ಪುಟದ ಮತ್ತು ನೋಟಿಸಿನ ಪ್ರತಿ ಲಗತ್ತಿಸಿದ್ದೇನೆ.

ಉತ್ತರ: ದನಿ ಬದಲಾಯಿಸಬೇಡಿ. ಈ ಸಲದ 18,000 ಇನ್ನೂ ಕಟ್ಟಿಲ್ಲವಾದರೆ ಒಂದು ತಿಂಗಳು ತಡೆಯಿರಿ. ನಿಮ್ಮ ಸದಸ್ಯರು ಹೇಳಿದ ಮೂರು ತೊಂದರೆಗಳಿಗೂ ಕಾರಣ ಬೇರೆ ಬೇರೆ. ದನಿ ಎಷ್ಟೇ ಇಂಪಾದರೂ ಅವುಗಳಲ್ಲಿ ಒಂದೂ ಸರಿಹೋಗುವುದಿಲ್ಲ.

ಕಣ್ಣು ಕಾಣದವರಿಗೆ ಓದಿ ಹೇಳುವ ದನಿಯನ್ನು ಜಾಲತಾಣವೇ ಕೊಡಬೇಕು ಎಂದು ಬಹಳ ಮಂದಿ ತಿಳಿದಿದ್ದಾರೆ. ಸ್ವಲ್ಪ ಯೋಚಿಸಿ: ನಿಮ್ಮ ಬಟನ್‌ವರೆಗೆ ಬರುವ ಹೊತ್ತಿಗೆ ಆ ಸದಸ್ಯರು ಫೋನಿನ ಲಾಕ್ ತೆಗೆದಿದ್ದಾರೆ, ಬ್ರೌಸರ್ ತೆರೆದಿದ್ದಾರೆ, ವಿಳಾಸ ಟೈಪ್ ಮಾಡಿದ್ದಾರೆ, ಪುಟದಲ್ಲಿ ‘ಕೇಳಿ’ ಎಲ್ಲಿದೆ ಎಂದೂ ಪತ್ತೆ ಹಚ್ಚಿದ್ದಾರೆ. ಇಷ್ಟನ್ನೂ ಅವರ ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ, ಮಾಡಿಸಿದೆ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನ್‌ನಲ್ಲಿ ವಾಯ್ಸ್‌ಓವರ್ ಸಾಮಾನ್ಯವಾಗಿ ಫೋನಿನ ಜೊತೆಗೇ ಬರುತ್ತವೆ. ವಿಂಡೋಸ್ ಗಣಕಕ್ಕೆ 2006ರಲ್ಲಿ ಶುರುವಾದ ಎನ್‌ವಿಡಿಎ ಪುಕ್ಕಟೆಯಾಗಿ ಸಿಗುತ್ತದೆ. ದನಿ ಅವರ ಕಿಸೆಯಲ್ಲೇ ಇದೆ. ಆ ದನಿಗೆ ಓದಲು ಬೇಕಾದ ಹೆಸರು, ಗುರುತು, ಭಾಷೆಯ ಸುಳಿವು ನಿಮ್ಮ ಪುಟದಲ್ಲಿಲ್ಲ.

ಎರಡು ದನಿ ಕೂಡುವುದು ಅವರ ಬಳಿ ಆಗಲೇ ಒಂದು ದನಿ ಇರುವುದರಿಂದ. ಬಟನ್ ಒತ್ತಿದಾಗ ನಿಮ್ಮ ಸಾಧನ ಓದಲು ಹತ್ತುತ್ತದೆ. ಸದಸ್ಯರು ಮುಂದಿನ ಸಾಲಿಗೆ ಬೆರಳು ಸರಿಸಿದ ಕೂಡಲೇ ಅವರ ಟಾಕ್‌ಬ್ಯಾಕ್ ಕೂಡ ಬಾಯಿ ತೆರೆಯುತ್ತದೆ. ಒಂದಕ್ಕೆ ಇನ್ನೊಂದರ ಪರಿಚಯವಿಲ್ಲ. ಶಾಲಾ ಪ್ರವಾಸದ ಮಕ್ಕಳು ತುಂಬಿದ ಹೊತ್ತಿನಲ್ಲಿ ಗೋಳಗುಮ್ಮಟದ ಮೇಲೆ ನಿಂತು ಗೆಳೆಯನ ಮಾತು ಕೇಳಲು ಹೆಣಗಿದ ಹಾಗೆ ಇದು. ಕೆಲವು ಸೈಟುಗಳಲ್ಲಿ ಪುಟ ತೆರೆದೊಡನೆ ಓದು ತಾನಾಗಿಯೇ ಶುರುವಾಗುತ್ತದೆ. ಅದನ್ನು ನಿಲ್ಲಿಸುವ ಬಟನ್ ಹುಡುಕಲು ಬೇಕಾದ ದನಿಯನ್ನೇ ಅದು ಮುಳುಗಿಸಿಬಿಡುತ್ತದೆ. 3 ಸೆಕೆಂಡಿಗಿಂತ ಹೆಚ್ಚು ಹೊತ್ತು ತಾನಾಗಿ ಮೊಳಗುವ ಯಾವ ಧ್ವನಿಗೂ ನಿಲ್ಲಿಸುವ ದಾರಿ ಇರಬೇಕು ಎಂಬುದು ವಿಕ್ಯಾಗ್ ಎಂದು ಕರೆಯುವ, ಜಾಲತಾಣಗಳು ಅಂಗವಿಕಲರಿಗೂ ಎಟುಕುವಂತೆ ಮಾಡುವ ಅಂತರರಾಷ್ಟ್ರೀಯ ಮಾರ್ಗಸೂಚಿಯ ಕನಿಷ್ಠ ಮಟ್ಟದ ನಿಯಮ. ನಿಮ್ಮದು ತಾನಾಗಿ ಓದುವ ಬಗೆಯದಾಗಿದ್ದರೆ ಇವತ್ತೇ ಅದನ್ನು ನಿಲ್ಲಿಸಿ.

ಓದಿ ಹೇಳುವುದಕ್ಕೂ ಸ್ಕ್ರೀನ್ ರೀಡರ್‌ಗೂ ಇರುವ ವ್ಯತ್ಯಾಸಕ್ಕೆ ನಿಮ್ಮ ಐಎಫ್‌ಎಸ್‌ಸಿ ಕೋಡೇ ಉದಾಹರಣೆ. ಹನ್ನೊಂದು ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ‘ಕೇಳಿ’ ಬಟನ್ ಅದನ್ನು ಒಂದೇ ಉಸಿರಿನಲ್ಲಿ ಉಚ್ಚರಿಸಿ ಮುಂದೆ ಹೋಗುತ್ತದೆ. ಅದು ಸೊನ್ನೆಯೋ ‘ಓ’ ಅಕ್ಷರವೋ ಎಂದು ತಿರುಗಿ ಕೇಳಲು ಪುಟವನ್ನೇ ಮೊದಲಿಂದ ಓದಿಸಬೇಕು. ಎನ್‌ವಿಡಿಎ ಬಳಸುವವರು ಬಾಣದ ಕೀಲಿ ಒತ್ತುತ್ತ ಒಂದೊಂದೇ ಅಕ್ಷರ ಕೇಳುತ್ತಾರೆ. ಎಚ್ ಕೀಲಿ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ, ಟಿ ಒತ್ತಿ ಕೋಷ್ಟಕಕ್ಕೆ, ಎಫ್ ಒತ್ತಿ ಅರ್ಜಿಯ ಕಾಲಮಿಗೆ ಜಿಗಿಯುತ್ತಾರೆ. ನೀವು ಪುಟದ ಮೇಲೆ ಕಣ್ಣಾಡಿಸುತ್ತೀರಲ್ಲ, ಅದೇ ಕೆಲಸ ಇದು. ಆದರೆ ಶೀರ್ಷಿಕೆಯನ್ನು ಶೀರ್ಷಿಕೆಯ ಟ್ಯಾಗಿನಲ್ಲೇ, ಅಂದರೆ ‘ಇದು ಶೀರ್ಷಿಕೆ’ ಎಂದು ಪುಟದ ಕೋಡಿನಲ್ಲಿ ಹೇಳುವ ಗುರುತಿನೊಳಗೇ, ಬರೆದಿದ್ದರೆ ಮಾತ್ರ ಜಿಗಿತ ನಡೆಯುತ್ತದೆ. ದಪ್ಪಕ್ಷರ ಮಾಡಿ ಬಣ್ಣ ಹಚ್ಚಿದ ಸಾಲು ಕಣ್ಣಿಗೆ ಶೀರ್ಷಿಕೆ, ಸ್ಕ್ರೀನ್ ರೀಡರ್‌ಗೆ ಹತ್ತರಲ್ಲಿ ಹನ್ನೊಂದನೆಯ ಸಾಲು.

ಈಗ ಅರ್ಜಿ. ನೀವು ಕಳಿಸಿದ ಪ್ರತಿಯಲ್ಲಿ ಹನ್ನೊಂದು ಕಾಲಂಗಳಿವೆ. ಮೇಲೆ ‘ಸದಸ್ಯತ್ವ ಸಂಖ್ಯೆ’ ಎಂಬ ಪದ, ಕೆಳಗೆ ಖಾಲಿ ಚೌಕ. ಕಣ್ಣಿದ್ದವರಿಗೆ ನಂಟು ತಾನಾಗಿ ತಿಳಿಯುತ್ತದೆ. ಪುಟದ ಒಳಗೆ ಮಾತ್ರ ಆ ಪದಕ್ಕೂ ಚೌಕಕ್ಕೂ ಸಂಬಂಧವೇ ಇಲ್ಲ. ‘ಕೇಳಿ’ ಒತ್ತಿದರೆ ‘ಸದಸ್ಯತ್ವ ಸಂಖ್ಯೆ ಪೂರ್ಣ ಹೆಸರು ವಿಳಾಸ ಠೇವಣಿ ಮೊತ್ತ ಅವಧಿ ನಾಮಿನಿ’ ಎಂದು ರೈಲಿನ ಹಾಗೆ ಓದಿ ಸುಮ್ಮನಾಗುತ್ತದೆ. ಕರ್ಸರ್ ಎಲ್ಲಿದೆ ಎಂದು ಅದಕ್ಕೆ ಗೊತ್ತಿಲ್ಲ. ಟ್ಯಾಬ್ ಕೀಲಿ ಒತ್ತುತ್ತ ಹೋದರೆ ಎನ್‌ವಿಡಿಎ ಹೇಳುವುದು ‘ಎಡಿಟ್, ಬ್ಲ್ಯಾಂಕ್’. ಮುಂದಿನದೂ ‘ಎಡಿಟ್, ಬ್ಲ್ಯಾಂಕ್’. ನಾಮಿನಿಯ ಹೆಸರು ಎಲ್ಲಿ, ಮೊತ್ತ ಎಲ್ಲಿ? ಊಹೆಯ ಮೇಲೆ ತುಂಬಬೇಕು, ಅದೂ ದುಡ್ಡಿನ ಅರ್ಜಿಯನ್ನು.

ಇದರ ಮದ್ದು ಬಹಳ ಸಣ್ಣದು. ಪ್ರತಿ ಹೆಸರನ್ನೂ ಲೇಬಲ್ ಟ್ಯಾಗಿನೊಳಗೆ ಹಾಕಿ, ಅದರ ‘ಫಾರ್’ ಮೌಲ್ಯ ಮತ್ತು ಚೌಕದ ‘ಐಡಿ’ ಮೌಲ್ಯ ಎರಡನ್ನೂ ಒಂದೇ ಮಾಡಬೇಕು. ಮಾಡಿದ ಮೇಲೆ ಅದೇ ಟ್ಯಾಬ್ ಕೀಲಿಗೆ ‘ಸದಸ್ಯತ್ವ ಸಂಖ್ಯೆ, ಎಡಿಟ್, ರಿಕ್ವೈರ್ಡ್, ಬ್ಲ್ಯಾಂಕ್’ ಎಂದು ಕೇಳುತ್ತದೆ. ‘ರಿಕ್ವೈರ್ಡ್’ ಕೇಳಬೇಕಾದರೆ ಚೌಕದ ಟ್ಯಾಗಿನಲ್ಲಿ ಆ ಗುಣವನ್ನೂ ಸೇರಿಸಿ. ಬರೀ ಕೆಂಪು ನಕ್ಷತ್ರ ಸಾಲದು. ಚೌಕದೊಳಗೆ ಮಸುಕಾಗಿ ‘ಇಲ್ಲಿ ಮೊಬೈಲ್ ಸಂಖ್ಯೆ ಬರೆಯಿರಿ’ ಎಂದು ಹಾಕುವುದು ಲೇಬಲ್‌ಗೆ ಬದಲಿಯಲ್ಲ. ಟೈಪ್ ಮಾಡಲು ಶುರುಮಾಡಿದೊಡನೆ ಅದು ಮಾಯ, ನಡುವೆ ಫೋನ್ ಬಂದು ತಿರುಗಿ ನೋಡಿದರೆ ಯಾವ ಕಾಲಂ ಎಂದು ಕಣ್ಣಿದ್ದವರಿಗೂ ನೆನಪಿರುವುದಿಲ್ಲ.

ನಿಮ್ಮ ‘ಅವಧಿ’ ಪಟ್ಟಿ ಮತ್ತು ‘ಸಲ್ಲಿಸಿ’ ಬಟನ್ ಎರಡೂ ಡಿವ್ ಎಂಬ, ಯಾವ ಅರ್ಥವನ್ನೂ ಹೇಳದ ಖಾಲಿ ಡಬ್ಬಿಯಂಥ ಟ್ಯಾಗಿನಿಂದ ಮಾಡಿದ ಅಲಂಕಾರಗಳು. ಮೌಸ್‌ಗೆ ಮಾತ್ರ ಮಣಿಯುತ್ತವೆ, ಟ್ಯಾಬ್ ಅವುಗಳ ಮೇಲೆ ನಿಲ್ಲುವುದೇ ಇಲ್ಲ. ಸಾದಾ ಸೆಲೆಕ್ಟ್ ಮತ್ತು ಬಟನ್ ಟ್ಯಾಗ್ ಬಳಸಿದರೆ ಕೀಬೋರ್ಡ್, ಸ್ಕ್ರೀನ್ ರೀಡರ್, ಫೋನ್ ಎಲ್ಲಕ್ಕೂ ಒಗ್ಗುತ್ತವೆ. ಚೆಲುವು ಒಂದು ಗುಲಗಂಜಿ ಕಡಿಮೆಯಾದೀತು, ಆಗಲಿ. ತಪ್ಪು ತುಂಬಿದಾಗ ಚೌಕದ ಅಂಚು ಕೆಂಪಾಗುವುದರ ಜೊತೆಗೆ ‘ಮೊಬೈಲ್ ಸಂಖ್ಯೆಯಲ್ಲಿ 10 ಅಂಕಿ ಇರಬೇಕು’ ಎಂಬ ವಾಕ್ಯವೂ ಬರಲಿ, ಆ ವಾಕ್ಯವನ್ನು ಸೂಚನೆ ಜೋಡಿಸುವ ಗುಣವಾದ ಏರಿಯಾ-ಡಿಸ್ಕ್ರೈಬ್ಡ್‌ಬೈ ಮೂಲಕ ಚೌಕಕ್ಕೆ ಕಟ್ಟಲಿ. ಕೊನೆಯಲ್ಲಿರುವ ಸೊಟ್ಟಕ್ಷರದ ಕ್ಯಾಪ್ಚಾ ಚಿತ್ರವನ್ನು ತೆಗೆಯಿರಿ. ಓಟಿಪಿ ಕಳಿಸುವ ಅರ್ಜಿಗೆ ಅದು ಹೇಗೂ ಹೆಚ್ಚುವರಿ. ಕೇಳಿ ಕೇಳಿ ತುಂಬುವವರಿಗೆ ಹೊತ್ತು ಹೆಚ್ಚು ಬೇಕು. ಸಮಯ ಮುಗಿಯುವ ಮುನ್ನ ಎಚ್ಚರಿಸಿ, ಒಂದೇ ಕೀಲಿಯಿಂದ ಅವಧಿ ಹೆಚ್ಚಿಸಿಕೊಳ್ಳಲು ಕನಿಷ್ಠ 20 ಸೆಕೆಂಡ್ ಕೊಡಬೇಕು ಎನ್ನುತ್ತದೆ ವಿಕ್ಯಾಗ್.

ನೋಟಿಸಿನದು ನಮ್ಮ ಕನ್ನಡದ್ದೇ ಹಳೆಯ ಕತೆ. ನಿಮ್ಮ ಕಚೇರಿಯಲ್ಲಿ ಅದನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಆ ಫಾಂಟ್ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದೆ. ಪರದೆಯ ಮೇಲೆ ‘ಕನ್ನಡ’ ಎಂದು ಕಾಣುವ ಪದ ಕಡತದ ಒಳಗೆ ಏಳು ಚಿಹ್ನೆಗಳ ಸಾಲು: ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ ಜೋಡಿ ಎಸ್, ಸಣ್ಣ ಕ್ಯೂ, ಮತ್ತೆ ಎ. ಸ್ಕ್ರೀನ್ ರೀಡರ್ ಇದ್ದದ್ದನ್ನು ಇದ್ದಂತೆ ಓದುತ್ತದೆ, ತಪ್ಪು ಅದರದ್ದಲ್ಲ. ಯಾವ ಕೃತಕ ಬುದ್ಧಿಮತ್ತೆಯ ದನಿ ತಂದು ಕೂರಿಸಿದರೂ ಪೌಂಡ್ ಗುರುತನ್ನು ಪೌಂಡ್ ಎಂದೇ ಓದಬೇಕು.

ಪರೀಕ್ಷೆ ಸುಲಭ. ನೋಟಿಸಿನ ಒಂದು ಸಾಲು ನಕಲು ಮಾಡಿ ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಕನ್ನಡವಾಗಿ ಬಂದರೆ ಯೂನಿಕೋಡ್, ಅಂದರೆ ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತವಿರುವ ಪದ್ಧತಿ. ಚಿತ್ರವಿಚಿತ್ರ ಇಂಗ್ಲಿಷ್ ಬಂದರೆ ಆಸ್ಕಿ. ನಕಲೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಆಸ್ಕಿಯನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ, ನುಡಿಯ ಹೊಸ ಆವೃತ್ತಿಗಳಲ್ಲಿ ನೇರವಾಗಿ ಯೂನಿಕೋಡ್‌ನಲ್ಲಿ ಟೈಪ್ ಮಾಡಲೂ ಬರುತ್ತದೆ. ಪರಿವರ್ತಿಸಿದ ಮೇಲೆ ಒಮ್ಮೆ ಪೂರ್ತಿ ಓದಿ ನೋಡಿ. ಒತ್ತಕ್ಷರ, ಅರ್ಕಾವತ್ತು, ಅಂಕಿಗಳಲ್ಲಿ ಎಡವಟ್ಟು ಉಳಿಯುತ್ತದೆ.

ಯೂನಿಕೋಡ್‌ನಲ್ಲೂ ಒಂದು ಕಳ್ಳ ತಪ್ಪು ಅಡಗಿರುತ್ತದೆ. ‘ಸಂಘ’ ಮತ್ತು ‘ಸ೦ಘ’ ಎರಡನ್ನೂ ನೋಡಿ. ಕಣ್ಣಿಗೆ ಒಂದೇ. ಎರಡನೆಯದರಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಕೂತಿದೆ, ದನಿ ಅದನ್ನು ‘ಸ, ಸೊನ್ನೆ, ಘ’ ಎಂದು ಒಡೆದು ಓದೀತು. ನಿಮ್ಮ ಪುಟದ ತಲೆಬರಹದಲ್ಲಿ ಸಂಘದ ಹೆಸರೇ ಹೀಗಿದೆ. ಹುಡುಕುವ ಯಂತ್ರಕ್ಕೂ ಅದು ಬೇರೆ ಪದವೇ. ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿ ಕನ್ನಡದ ಸೊನ್ನೆಯನ್ನು ಹುಡುಕಿ, ಅಕ್ಷರಗಳ ನಡುವೆ ಸಿಕ್ಕಿದ್ದನ್ನೆಲ್ಲ ಬದಲಾಯಿಸಿ. ಜೊತೆಗೇ ‘ತಾ: ಚಿಕ್ಕೋಡಿ, ಜಿ: ಬೆಳಗಾವಿ’, ‘ಮು. 10-30ಕ್ಕೆ’ ಇಂಥವನ್ನು ಬಿಡಿಸಿ ಬರೆಯಿರಿ. ‘ತಾ’, ‘ಜಿ’ ಎಂದಷ್ಟೇ ಕೇಳುವವರಿಗೆ ಅದು ತಾಲ್ಲೂಕು, ಜಿಲ್ಲೆ ಎಂದು ಹೊಳೆಯಲು ಹೊತ್ತು ಬೇಕು. ‘10-30’ ಹತ್ತೂವರೆಯೋ ಹತ್ತರಿಂದ ಮೂವತ್ತೋ, ದನಿಗೆ ತಿಳಿಯದು.

ಮೂರು ಭಾಷೆಯ ಪುಟ ನಿಮ್ಮ ಕಡೆ ಇರಬೇಕಾದದ್ದೇ. ಆದರೆ ಯಾವ ತುಣುಕು ಯಾವ ಭಾಷೆ ಎಂದು ಪುಟ ಹೇಳಬೇಕು. ನಿಮ್ಮ ಕನ್ನಡ ಪುಟದ ಮೊದಲ ಟ್ಯಾಗಿನಲ್ಲಿ ಭಾಷೆ ‘ಇಎನ್’, ಅಂದರೆ ಇಂಗ್ಲಿಷ್ ಎಂದಿದೆ. ಟೆಂಪ್ಲೇಟ್ ಜೊತೆ ಬಂದದ್ದನ್ನು ಯಾರೂ ಮುಟ್ಟಿಲ್ಲ. ಸ್ಕ್ರೀನ್ ರೀಡರ್ ಅದನ್ನು ನಂಬಿ ಇಂಗ್ಲಿಷ್ ದನಿ ಹಚ್ಚುತ್ತದೆ; ಆ ದನಿ ಕನ್ನಡವನ್ನು ತೊದಲುತ್ತದೆ ಅಥವಾ ಪೂರಾ ನುಂಗಿಬಿಡುತ್ತದೆ. ಕನ್ನಡಕ್ಕೆ ‘ಕೆಎನ್’, ಮರಾಠಿಗೆ ‘ಎಂಆರ್’ ಎಂಬ ಎರಡಕ್ಷರದ ಸಂಕೇತ ಹಾಕಿ. ಮರಾಠಿಗೆ ಇದು ಇನ್ನೂ ಮುಖ್ಯ: ಹಿಂದಿಯ ಲಿಪಿಯೂ ದೇವನಾಗರಿಯೇ ಆದ್ದರಿಂದ ಗುರುತಿಲ್ಲದ ಮರಾಠಿಯನ್ನು ಹಿಂದಿ ದನಿ ಓದಿಬಿಡುತ್ತದೆ, ನಿಪ್ಪಾಣಿಯ ಸದಸ್ಯರು ನಗುತ್ತಾರೆ. ಕನ್ನಡ ಪುಟದ ನಡುವೆ ಬರುವ ಒಂದೆರಡು ಇಂಗ್ಲಿಷ್ ಪದಕ್ಕೆಲ್ಲ ಟ್ಯಾಗ್ ಹಾಕುವ ಗೋಜಿಗೆ ಹೋಗಬೇಡಿ, ಪೂರ್ತಿ ವಾಕ್ಯವಿದ್ದರೆ ಹಾಕಿ.

ಪಿಡಿಎಫ್ ಬಗ್ಗೆ ಒಂದೇ ಮಾತು: ಸಭೆಯ ನೋಟಿಸ್, ಬಡ್ಡಿ ದರ, ಅರ್ಜಿಯ ಸೂಚನೆ ಮೂರನ್ನೂ ಪುಟದಲ್ಲೇ ಪಠ್ಯವಾಗಿ ಹಾಕಿ, ಪಿಡಿಎಫ್ ಬೇಕಿದ್ದವರಿಗೆ ಜೊತೆಗಿರಲಿ. ಮಾಡುವಾಗ ವರ್ಡ್‌ನ ‘ಪ್ರಿಂಟ್’ ಬದಲು ‘ಸೇವ್ ಆ್ಯಸ್’ ಬಳಸಿ, ಆಯ್ಕೆಗಳಲ್ಲಿ ರಚನೆಯ ಟ್ಯಾಗ್ ಉಳಿಸುವ ಗುರುತು ಹಾಕಿ. ಪ್ರಿಂಟ್ ದಾರಿಯಲ್ಲಿ ಶೀರ್ಷಿಕೆ, ಕೋಷ್ಟಕ ಎಲ್ಲ ಕಳೆದುಹೋಗುತ್ತವೆ. ಬಡ್ಡಿ ದರದ ಕೋಷ್ಟಕದಲ್ಲಿ ಮೊದಲ ಸಾಲನ್ನು ತಲೆಸಾಲಿನ ಟ್ಯಾಗಿನಲ್ಲಿ ಇಟ್ಟರೆ ಕೋಷ್ಟಕದಲ್ಲಿ ಓಡಾಡುವಾಗ ‘ಹಿರಿಯ ನಾಗರಿಕರು, 8.5’ ಎಂದು ಕೇಳುತ್ತದೆ, ಇಲ್ಲದಿದ್ದರೆ ಬರೀ ‘8.5’. ದೀಪಾವಳಿ ಠೇವಣಿ ಯೋಜನೆಯನ್ನು ಬಣ್ಣದ ಪೋಸ್ಟರ್ ಮಾಡಿ ಹಾಕುತ್ತೀರಲ್ಲ, ಅದರಲ್ಲಿರುವ ಅಷ್ಟೂ ಮಾತನ್ನು ಚಿತ್ರದ ಕೆಳಗೆ ಟೈಪ್ ಮಾಡಿ. ಚಿತ್ರದ ಬದಲು ಸ್ಕ್ರೀನ್ ರೀಡರ್ ಓದುವ ಆಲ್ಟ್ ಪಠ್ಯದಲ್ಲಿ ‘ಚಿತ್ರ 1’ ಎಂದು ಬರೆಯುವುದಕ್ಕಿಂತ ಏನೂ ಬರೆಯದಿರುವುದೇ ವಾಸಿ.

ಇಷ್ಟಾದರೂ ‘ಕೇಳಿ’ ಬಟನ್ ನಿರುಪಯೋಗಿ ಎನ್ನಲಾರೆ. ಸ್ಕ್ರೀನ್ ರೀಡರ್ ಕಲಿಯದ ಹಿರಿಯರು, ಓದು ಕಡಿಮೆ ಇರುವ ಸದಸ್ಯರು, ಡಿಸ್ಲೆಕ್ಸಿಯಾ ಇರುವವರು, ಕನ್ನಡ ಮಾತು ಬಂದರೂ ಲಿಪಿ ಬಾರದ ಮರಾಠಿ ಮನೆಯವರು, ಇವರಿಗೆ ಅದು ನಿಜವಾದ ಉಪಕಾರ. ಆದರೆ ಕೈ ನಡುಗಿ ಮೌಸ್ ಹಿಡಿಯಲಾಗದವರಿಗೆ ಬೇಕಾದ್ದು ಕೀಬೋರ್ಡ್ ದಾರಿ. ಪೊರೆ ಬಂದ ಕಣ್ಣಿಗೆ ಬೇಕಾದ್ದು ಅಕ್ಷರಕ್ಕೂ ಹಿನ್ನೆಲೆಗೂ 4.5ಕ್ಕೆ 1ರಷ್ಟಾದರೂ ಬಣ್ಣದ ಅಂತರ, ಮತ್ತು ಎರಡು ಪಟ್ಟು ಹಿಗ್ಗಿಸಿದರೂ ಕತ್ತರಿಸಿಹೋಗದ ಪುಟ. ಕಿವಿ ಕೇಳದವರಿಗೆ ನಿಮ್ಮ ಅಧ್ಯಕ್ಷರ ವಿಡಿಯೊಗೆ ಅಡಿಬರಹ ಬೇಕು. ಕಣ್ಣು ಕಿವಿ ಎರಡೂ ಇಲ್ಲದವರು ಬ್ರೈಲ್ ಪಟ್ಟಿಯ ಮೇಲೆ ಬೆರಳಾಡಿಸಿ ಓದುತ್ತಾರೆ, ಅದಕ್ಕೆ ಬೇಕಾದದ್ದೂ ಶುದ್ಧ ಪಠ್ಯವೇ.

ಬಟನ್ ಉಳಿಸಿಕೊಳ್ಳುವುದಾದರೆ ಎರಡು ಅಪಾಯ ನೋಡಿಕೊಳ್ಳಿ. ಹಲವು ಸಾಧನಗಳು ಪುಟದ ಪಠ್ಯವನ್ನು ತಮ್ಮ ಸರ್ವರ್‌ಗೆ ಕಳಿಸಿ ಅಲ್ಲಿಂದ ಧ್ವನಿ ತರುತ್ತವೆ. ಲಾಗಿನ್ ಆದ ನಂತರದ ಪುಟದಲ್ಲೂ ಬಟನ್ ಇದ್ದರೆ ಸದಸ್ಯರ ಹೆಸರು, ಖಾತೆ ಸಂಖ್ಯೆ, ಬಾಕಿ ಎಲ್ಲ ಹೊರಗಿನವರ ಕೈಗೆ ಹೋಗುತ್ತದೆ. ಆ ಪುಟಗಳಿಂದ ಅದನ್ನು ತೆಗೆಸಿ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಒತ್ತಿದವರ ಠೇವಣಿ ಮೊತ್ತ ಸ್ಪೀಕರಿನಲ್ಲಿ ಊರಿಗೆಲ್ಲ ಕೇಳುವುದೂ ಬೇಡ. ಎರಡನೆಯದು, ಬ್ರೌಸರಿನ ಸ್ವಂತ ದನಿ ಬಳಸುವ ಅಗ್ಗದ ಬಟನ್‌ಗಳು. ಮೈಕ್ರೋಸಾಫ್ಟ್ ಎಡ್ಜ್‌ನಲ್ಲಿ ಸಪ್ನಾ, ಗಗನ್ ಎಂಬ ಕನ್ನಡ ದನಿಗಳಿವೆ, ಮಾರುವವರು ಅದರಲ್ಲೇ ತೋರಿಸುತ್ತಾರೆ. ಕನ್ನಡ ದನಿ ಇಲ್ಲದ ಬೇರೆ ಗಣಕದಲ್ಲಿ, ಬೇರೆ ಬ್ರೌಸರಿನಲ್ಲಿ ಅದೇ ಬಟನ್ ಮೂಕ.

ಕಾನೂನಿನ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಖಾಸಗಿ ಸಂಸ್ಥೆ’ ಎಂಬ ವ್ಯಾಖ್ಯೆಯಲ್ಲಿ ಸಹಕಾರ ಸಂಘವನ್ನು ಹೆಸರಿಸಿಯೇ ಸೇರಿಸಿದೆ. ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಕೆವೈಸಿ ಪ್ರಕರಣದಲ್ಲಿ, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿದೆ. ಒಂದು ಬಟನ್ ಹಾಕಿದರೆ ಇದರಿಂದ ಪಾರು ಎಂಬ ಮಾತಿಗೆ ಆಧಾರವಿಲ್ಲ. ಕೃತಕ ಬುದ್ಧಿಮತ್ತೆಯ ಸಾಧನ ಯಾವ ಸೈಟನ್ನಾದರೂ ವಿಕ್ಯಾಗ್‌ಗೆ ಸರಿಹೊಂದಿಸುತ್ತದೆ ಎಂದು ಪ್ರಚಾರ ಮಾಡಿದ್ದಕ್ಕಾಗಿ ಆ್ಯಕ್ಸೆಸಿಬಿ ಕಂಪನಿ 10 ಲಕ್ಷ ಡಾಲರ್ ತೆರಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆದೇಶಿಸಿತು. ನಿಮಗೆ ಮಾರಿದವರು ಹೇಳಿದ್ದನ್ನು ಬರಹದಲ್ಲಿ ಕೊಡಲಿ ಎಂದು ಕೇಳಿ ನೋಡಿ, ಮಾತಿನ ಧಾಟಿ ಬದಲಾಗುತ್ತದೆ.

ನಿಮ್ಮ ಮುಂದಿರುವ ದಾರಿಗಳಲ್ಲಿ ನನ್ನ ಆಯ್ಕೆ ಇರುವ ಸೈಟನ್ನೇ ರಿಪೇರಿ ಮಾಡುವುದು. ಲೇಬಲ್, ಬಟನ್, ಭಾಷೆಯ ಸಂಕೇತ, ಶೀರ್ಷಿಕೆ, ಇಷ್ಟಕ್ಕೆ ಎಚ್‌ಟಿಎಂಎಲ್ ಬಲ್ಲ ಒಬ್ಬರಿಗೆ ಮೂರು ನಾಲ್ಕು ದಿನ ಸಾಕು. ನೋಟಿಸುಗಳನ್ನು ಯೂನಿಕೋಡ್‌ಗೆ ತರುವುದು ನಿಮ್ಮ ಗುಮಾಸ್ತರ ಕೆಲಸ. ಇಲ್ಲಿನ ಅಪಾಯ ಒಂದೇ: ಮುಂದಿನ ಸಲ ಟೆಂಪ್ಲೇಟ್ ಬದಲಾಯಿಸಿದಾಗ ಎಲ್ಲ ಮೊದಲಿನಂತಾಗುತ್ತದೆ, ಆದ್ದರಿಂದ ಬದಲಾವಣೆಗಳನ್ನು ಬರೆದಿಡಿ. ‘ಅಂಧರಿಗಾಗಿ ಪ್ರತ್ಯೇಕ ಸರಳ ಸೈಟ್’ ಎಂಬ ಸಲಹೆ ಬಂದರೆ ಒಪ್ಪಬೇಡಿ. ಮೂಲ ಸೈಟಿನಲ್ಲಿ ಬಡ್ಡಿ ದರ ಬದಲಾಗುತ್ತದೆ, ಇನ್ನೊಂದರಲ್ಲಿ ಹಳೆಯದೇ ಉಳಿಯುತ್ತದೆ. ‘ಶಾಖೆಗೆ ಬನ್ನಿ, ನಾವೇ ತುಂಬಿಕೊಡುತ್ತೇವೆ’ ಎಂಬುದು ರಿಪೇರಿ ಮುಗಿಯುವವರೆಗೆ ಇರಲಿ, ಆದರೆ ನಾಮಿನಿ ಯಾರೆಂದು ಕೌಂಟರಿನಲ್ಲಿ ಗಟ್ಟಿಯಾಗಿ ಹೇಳಿಸಬೇಡಿ, ಫೋನಿನಲ್ಲಿ ಓಟಿಪಿ ಕೇಳಬೇಡಿ.

ಕೆಲಸ ಒಪ್ಪಿಸಿಕೊಳ್ಳುವ ಮುನ್ನ ಅರ್ಧ ತಾಸು ಕೊಡಿ. ಮೌಸ್ ಬದಿಗಿಟ್ಟು ಟ್ಯಾಬ್, ಸ್ಪೇಸ್, ಎಂಟರ್ ಮತ್ತು ಬಾಣದ ಕೀಲಿಗಳಿಂದಲೇ ಅರ್ಜಿಯನ್ನು ಕೊನೆಯವರೆಗೆ ತುಂಬಿ. ಆಮೇಲೆ ಎನ್‌ವಿಡಿಎ ಹಾಕಿಕೊಂಡು ಅದರ ಟೂಲ್ಸ್ ಪಟ್ಟಿಯಲ್ಲಿ ‘ಸ್ಪೀಚ್ ವ್ಯೂವರ್’ ತೆರೆಯಿರಿ. ದನಿ ಹೇಳುವುದೆಲ್ಲ ಪರದೆಯ ಮೇಲೆ ಅಕ್ಷರವಾಗಿ ಕಾಣುತ್ತದೆ. ಇನ್ಸರ್ಟ್ ಮತ್ತು ಎಫ್7 ಒತ್ತಿದರೆ ಪುಟದ ಶೀರ್ಷಿಕೆ, ಲಿಂಕ್, ಕಾಲಂಗಳ ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲಿ ಹೆಸರಿಲ್ಲದ ಕಾಲಂ, ಹತ್ತು ಸಲ ‘ಇಲ್ಲಿ ಕ್ಲಿಕ್ ಮಾಡಿ’ ಕಂಡರೆ ಕೆಲಸ ಇನ್ನೂ ಬಾಕಿ. ಲೈಟ್‌ಹೌಸ್, ವೇವ್ ಇಂಥ ತಪಾಸಣೆ ಸಾಧನಗಳ 100 ಅಂಕ ನೋಡಿ ಹಿಗ್ಗಬೇಡಿ, ಆಲ್ಟ್ ಇದೆಯೇ ಎಂದು ಅವು ಹೇಳುತ್ತವೆ, ಅದರಲ್ಲಿ ಬರೆದದ್ದು ಸರಿಯೇ ಎಂದು ಹೇಳಲಾರವು.

ಕೊನೆಗೆ ಆ ಸದಸ್ಯರನ್ನೇ ಕರೆದು, ಅವರ ಹೊತ್ತಿಗೆ ಗೌರವಧನ ಕೊಟ್ಟು, ಅವರ ಫೋನಿನಲ್ಲೇ ಅರ್ಜಿ ತುಂಬಿಸಿ. ನಡುವೆ ಕೈ ಹಾಕದೆ ಎಲ್ಲಿ ನಿಂತರು ಎಂದಷ್ಟೇ ಬರೆದುಕೊಳ್ಳಿ. ಅವರ ಪತ್ರಕ್ಕೆ ಈ ವಾರವೇ ಉತ್ತರಿಸಿ: ಯಾವ ಫೋನ್, ಯಾವ ರೀಡರ್, ಯಾವ ಭಾಷೆಯ ದನಿ, ಯಾವ ಕಾಲಮಿನಲ್ಲಿ ತಡವರಿಸಿದರು ಎಂದು ಕೇಳಿ. ಆ ಉತ್ತರವನ್ನು ಸಂಘದ ಲೆಟರ್‌ಹೆಡ್ಡಿನಲ್ಲಿ ಬರೆದು, ಸೀಲು ಒತ್ತಿ, ಸ್ಕ್ಯಾನ್ ಮಾಡಿ ಕಳಿಸಬೇಡಿ. ಮೇಲ್‌ನಲ್ಲೇ ಟೈಪ್ ಮಾಡಿ, ಯೂನಿಕೋಡ್‌ನಲ್ಲಿ.